ಹಳೇ ಲೇತ್‌ಗೆ 40 ಹಲ್ಲಿನ ಗೇರ್ ಬೇಕು, ಕಂಪನಿ ಯಾವುದು ಅಂತಾನೇ ಗೊತ್ತಿಲ್ಲ

ಹಲ್ಲುಮುರುಕ
ಎಲ್ಲರಿಗೂ ನಮಸ್ಕಾರ. ಒಂದು ಹಳೇ ಬೆಂಚ್ ಲೇತ್ ಕೈಗೆ ಬಂದಿದೆ. ಹೆಸರಿನ ಫಲಕ ಯಾರೋ ಯಾವತ್ತೋ ಕಿತ್ತಿದ್ದಾರೆ, ರಿವೆಟ್ ತೂತು ಮಾತ್ರ ಉಳಿದಿದೆ. ಮೈಮೇಲೆ ಪದರ ಪದರ ಬಣ್ಣ. ಸ್ಪಿಂಡಲ್, ಅಂದ್ರೆ ಕೆಲಸದ ತುಂಡನ್ನ ತಿರುಗಿಸೋ ಶಾಫ್ಟ್, ಹಗುರಾಗಿ ತಿರುಗತ್ತೆ, ಕೆಳಗಿನ ಉದ್ದ ಹಳಿಯಂಥ ಬೆಡ್ ಪರವಾಗಿಲ್ಲ ಅನ್ಸತ್ತೆ. ತೊಂದರೆ ಇರೋದು ಥ್ರೆಡ್ ಕಟ್ ಮಾಡೋಕೆ ಬೇಕಾದ ಹಾಗೆ ಬದಲಿಸಿ ಹಾಕೋ ಚೇಂಜ್ ಗೇರ್‌ಗಳದ್ದು. ಸೆಟ್‌ನಲ್ಲಿ ಅರ್ಧ ಇಲ್ಲ, ಇರೋ 40 ಹಲ್ಲಿನದರಲ್ಲಿ ಒಂದಷ್ಟು ಹಲ್ಲು ಉದುರಿದೆ.

ಅದರ ಹೊರ ವ್ಯಾಸ 53.3 ಮಿ.ಮೀ. ಗೇರ್ ಮಾರುವವರಿಗೆ ತೋರಿಸಿದರೆ "ಇದು 1.25 ಮಾಡ್ಯೂಲ್" (ಮಿ.ಮೀ. ಲೆಕ್ಕದಲ್ಲಿ ಹಲ್ಲಿನ ಗಾತ್ರ) ಅಂದು ಹೊಸದು ಕೊಟ್ಟರು. ಶಾಫ್ಟ್ ಮೇಲೆ ಕೂರತ್ತೆ, ಪಕ್ಕದ ಗೇರ್ ಜೊತೆ ತಿರುಗತ್ತೆ ಕೂಡ. ಆದರೆ ಗುರ್ರ್ ಅಂತ ಶಬ್ದ, ಕೈಯಲ್ಲಿ ತಿರುಗಿಸಿದರೆ ಹಲ್ಲು ಹಲ್ಲಿಗೂ ಕಟ್ ಕಟ್ ಅಂತದೆ. ಲೀಡ್‌ಸ್ಕ್ರೂ (ಟೂಲನ್ನ ಉದ್ದಕ್ಕೆ ಸಾಗಿಸೋ ಸ್ಕ್ರೂ) ಇಂಚಿಗೆ 8 ಥ್ರೆಡ್. ಕಂಪನಿ ಹೆಸರೇ ಗೊತ್ತಿಲ್ಲದೆ ಭಾಗ ಹುಡುಕೋದು ಹೇಗೆ?

ಇನ್ನೊಂದು. ಬೆಡ್ ಮೇಲೆ ತೆಳುವಾಗಿ ಕಂದು ತುಕ್ಕು ಇದೆ. ಉಪ್ಪುಕಾಗದ ಹಾಕಿ ಹೊಳೆಸಿಬಿಡಲಾ?

ಬೀಡುಕಬ್ಬಿಣ
ಆ ಉಪ್ಪುಕಾಗದ ಮೊದಲು ಕೆಳಗಿಡಿ. ಗೇರ್ ಆಮೇಲೆ ನೋಡೋಣ.

ಗ್ರೀಸ್‌ಕೈ
ಕಂಪನಿ ಹೆಸರು ಯಾಕ್ ಬೇಕ್ರಿ? ಲೀಡ್‌ಸ್ಕ್ರೂ ಇಂಚಿನ್ದು ಐತಿ ಅಂದಮ್ಯಾಲ ಗೇರೂ ಇಂಚಿನ್ದೇ ಇರ್ತದ. ಮಾಡ್ಯೂಲ್ ಅಂತ ಯಾಂವ ಹೇಳಿದ ನಿಮಗ?

ವರ್ನಿಯರ್
ಗ್ರೀಸ್‌ಕೈ ಹೇಳಿದ್ದು ಸರಿ. ಲೆಕ್ಕ ಇಲ್ಲೇ ಇದೆ ನೋಡಿ. ಇಂಚಿನ ಗೇರ್‌ಗಳಿಗೆ ಡಯಾಮೆಟ್ರಲ್ ಪಿಚ್, ಅಂದ್ರೆ ಡಿಪಿ, ವ್ಯಾಸದ ಒಂದು ಇಂಚಿಗೆ ಎಷ್ಟು ಹಲ್ಲು ಅನ್ನೋ ಲೆಕ್ಕ. ಹೊರ ವ್ಯಾಸ = (ಹಲ್ಲು + 2) ÷ ಡಿಪಿ. ನಿಮ್ಮದು 40 ಹಲ್ಲು, ಅಂದ್ರೆ 42. 42 ÷ 20 = 2.1 ಇಂಚು = 53.34 ಮಿ.ಮೀ. ನೀವು ಅಳೆದಿದ್ದು 53.3. ಬೇರೆ ಸಾಕ್ಷಿ ಬೇಕಾ?

1.25 ಮಾಡ್ಯೂಲ್ ಆಗಿದ್ರೆ 42 × 1.25 = 52.5 ಬರಬೇಕಿತ್ತು. 20 ಡಿಪಿಯನ್ನ ಮಾಡ್ಯೂಲ್‌ಗೆ ತಿರುಗಿಸಿದರೆ 25.4 ÷ 20 = 1.27. ಮಾರೋರು ಹತ್ತಿರದ ಅಂಕಿ ನೋಡಿ 1.25 ಕೊಟ್ಟಿದ್ದಾರೆ. ಹಲ್ಲಿನಿಂದ ಹಲ್ಲಿಗೆ ಶೇ. 1.6 ವ್ಯತ್ಯಾಸ. ಬ್ಯಾಂಜೋ (ಗೇರ್ ಕೂರಿಸೋ, ಸರಿಸಬಹುದಾದ ತೋಳು) ಮೇಲೆ ದೂರ ಹೊಂದಿಸಬಹುದು ಅಂತ ಕೂರತ್ತೆ, ಅಷ್ಟೇ. ಆ ಕಟ್ ಕಟ್ ಅದರದ್ದೇ.

ಆದರೆ 20 ಡಿಪಿ ಅಂತ ಆರ್ಡರ್ ಮಾಡಿಬಿಡಬೇಡಿ. ಪ್ರೆಶರ್ ಆಂಗಲ್ (ಹಲ್ಲಿನ ಪಕ್ಕದ ಓರೆಯ ಕೋನ) ಇನ್ನೂ ಗೊತ್ತಾಗಿಲ್ಲ.

ಸುತ್ತಿಗೆಸಾಮಿ
ಹಳೇದೆಲ್ಲ 14.5 ಡಿಗ್ರಿ ಗುರು. ಅದರಲ್ಲಿ ಗೊತ್ತಾಗೋಕೆ ಏನಿದೆ?

ಇನ್ನೊಂದು ಮಾತು, 1.25 ಮತ್ತೆ 1.27 ಮಧ್ಯೆ ಕೂದಲೆಳೆ ವ್ಯತ್ಯಾಸ. ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಒಂದು ಗಂಟೆ ಓಡಿಸಿ, ಒಂದಕ್ಕೊಂದು ಹೊಂದಿಕೊಳ್ತವೆ.

ವರ್ನಿಯರ್
ಪೇಸ್ಟ್ ಹಚ್ಚಿದರೆ ಹಲ್ಲು ತೆಳ್ಳಗಾಗತ್ತೆ, ಪಿಚ್ ಬದಲಾಗಲ್ಲ ಸ್ವಾಮಿ. ಮೇಲಾಗಿ ಆ ಪುಡಿ ಹಿತ್ತಾಳೆ ಬುಶ್‌ಗಳಿಗೆ ಹೋಗಿ ಕಚ್ಚಿಕೊಂಡ್ರೆ ಶಾಫ್ಟ್ ತಿನ್ನುತ್ತಾ ಕೂರತ್ತೆ. ಒಂದು ಗೇರ್ ಉಳಿಸೋಕೆ ಹೋಗಿ ಇಡೀ ಸಾಲು ಕಳ್ಕೊಳ್ಳೋ ಉಪಾಯ ಇದು.

ಹಳೇದೆಲ್ಲ 14.5 ಅನ್ನೋದೂ ಪೂರ್ತಿ ನಿಜ ಅಲ್ಲ. ಹೆಚ್ಚಿನವು ಹೌದು. ಮೈಫೋರ್ಡ್ ಎಂಎಲ್7 ಚೇಂಜ್ ಗೇರ್ 20 ಡಿಪಿ, 14.5. ಸೌತ್ ಬೆಂಡ್ 9 ಇಂಚಿನದು 18 ಡಿಪಿ, 14.5. ಹಾಗಂತ ಊಹೆ ಮಾಡೋದು ಬೇಡ, ಅಳೆಯೋಕೆ ಸುಲಭದ ದಾರಿ ಇದೆ.

ಹಲ್ಲುಮುರುಕ ಅವರೇ, ಸಾಲಾಗಿ ಐದು ಹಲ್ಲು ಗಟ್ಟಿ ಇರೋ ಜಾಗ ಹುಡುಕಿ. ವರ್ನಿಯರ್ ದವಡೆಯಲ್ಲಿ ನಾಲ್ಕು ಹಲ್ಲನ್ನ ಒಟ್ಟಿಗೆ ಹಿಡಿದು ಅಳೆಯಿರಿ, ಆಮೇಲೆ ಐದನ್ನ. ಎರಡರ ವ್ಯತ್ಯಾಸ ಹೇಳಿ. 20 ಡಿಪಿಗೆ ಅದು 3.86 ಬಂದ್ರೆ 14.5 ಡಿಗ್ರಿ, 3.75 ಬಂದ್ರೆ 20 ಡಿಗ್ರಿ. ನಾಲ್ಕರ ಅಳತೆ ಒಂದನ್ನೇ ನೋಡಿದ್ರೆ ಎರಡಕ್ಕೂ 13.8ರ ಆಸುಪಾಸು ಬರತ್ತೆ, ಏನೂ ಗೊತ್ತಾಗಲ್ಲ. ವ್ಯತ್ಯಾಸ ತಗೊಂಡ್ರೆ ಸವೆತವೂ ಬಹುಪಾಲು ಕಳೆದುಹೋಗತ್ತೆ.

ಹಲ್ಲುಮುರುಕ
ಅಬ್ಬಾ, ಇದು ಯಾರೂ ಹೇಳಿರಲಿಲ್ಲ. ಸಂಜೆ ಅಳೆದು ಹಾಕ್ತೀನಿ.

@ಬೀಡುಕಬ್ಬಿಣ ಉಪ್ಪುಕಾಗದ ಯಾಕೆ ಬೇಡ ಸಾರ್?

ಬೀಡುಕಬ್ಬಿಣ
ಬೆಡ್ ಅನ್ನೋದು ಇಡೀ ಯಂತ್ರದ ಅಳತೆಗೋಲು. ಟೂಲ್ ಹೊರೋ ಸ್ಯಾಡಲ್, ತುಂಡಿನ ಇನ್ನೊಂದು ತುದಿಗೆ ಆಸರೆ ಕೊಡೋ ಟೈಲ್‌ಸ್ಟಾಕ್ ಎಲ್ಲ ಅದನ್ನೇ ನಂಬಿಕೊಂಡು ಓಡಾಡೋದು. ಕೈಯಲ್ಲಿ ಉಪ್ಪುಕಾಗದ ಹಿಡಿದು ಉಜ್ಜಿದರೆ ಒತ್ತಡ ಎಲ್ಲ ಕಡೆ ಒಂದೇ ಇರಲ್ಲ, ಅಂಚು ಉರುಟಾಗತ್ತೆ, ಪುಡಿ ಸ್ಯಾಡಲ್ ಅಡಿಗೆ ಸೇರತ್ತೆ. ಕೆಲವು ಯಂತ್ರದಲ್ಲಿ ಸ್ಕ್ರೇಪರ್‌ನಿಂದ ಕೆರೆದ ಸಣ್ಣ ಸಣ್ಣ ಗುಳಿ ಕಾಣತ್ತೆ, ಅರ್ಧಚಂದ್ರದ ಹಾಗೆ. ಅವು ಎಣ್ಣೆ ಹಿಡಿದಿಡೋಕೂ ಸಹಾಯ. ಸಾಲದ್ದಕ್ಕೆ ಅವು ಎಲ್ಲಿ ಅಳಿಸಿಹೋಗಿವೆ ಅಂತ ನೋಡಿದರೆ ಬೆಡ್ ಎಲ್ಲಿ ಸವೆದಿದೆ ಅಂತ ಗೊತ್ತಾಗತ್ತೆ. ಅದನ್ನ ನೀವೇ ಅಳಿಸಿಬಿಟ್ರೆ ಯಂತ್ರದ ಜಾತಕ ಹರಿದು ಹಾಕಿದ ಹಾಗೆ.

ತೆಳು ತುಕ್ಕು ತಾನೇ? ಎಣ್ಣೆ ಸುರಿದು ರಾತ್ರಿ ಬಿಡಿ. ಬೆಳಿಗ್ಗೆ ಹರಿತವಾದ ಬ್ಲೇಡನ್ನ ಮಲಗಿಸಿ ಹಿಡಿದು ಹಗುರಾಗಿ ಕೆರೆಯಿರಿ, ತುಕ್ಕು ಮೇಲಿಂದ ಎದ್ದು ಬರತ್ತೆ. ಉಳಿದಿದ್ದಕ್ಕೆ ಎಣ್ಣೆಯಲ್ಲಿ ಅದ್ದಿದ ಸ್ಕಾಚ್‌ಬ್ರೈಟ್. ಕಪ್ಪು ಕಲೆ ಉಳಿದ್ರೆ ಉಳೀಲಿ, ಅದು ಕೆಲಸಕ್ಕೆ ಅಡ್ಡ ಬರಲ್ಲ.

ಹೊಳಪುಪ್ರಿಯ
ಸ್ಕಾಚ್‌ಬ್ರೈಟ್‌ನಲ್ಲೂ ಅಬ್ರೇಸಿವ್ ಇರತ್ತೆ ಸಾರ್. ಅದು ಸರಿ, ಉಪ್ಪುಕಾಗದ ತಪ್ಪಾ? 😄 ನಾನಂತೂ ಪೂರ್ತಿ ಬಿಚ್ಚಿ, ಬಣ್ಣ ಕಿತ್ತು, ಪುಟ್ಟಿ ಹಾಕಿ, ಹೊಸದರ ಹಾಗೆ ಮಾಡೋನೇ. ತುಕ್ಕು ಹಿಡಿದ ಯಂತ್ರದ ಮುಂದೆ ನಿಲ್ಲೋಕೇ ಮನಸ್ಸು ಬರಲ್ಲ.

ಬೀಡುಕಬ್ಬಿಣ
ಇರತ್ತೆ, ಅದಕ್ಕೇ ಎಣ್ಣೆಯಲ್ಲಿ ಅಂದಿದ್ದು. ಹಗುರಾಗಿ ಉಜ್ಜಿ, ಆಮೇಲೆ ಒರೆಸಿ ತೆಗೀರಿ. ಬಣ್ಣ ನಿಮ್ಮಿಷ್ಟ, ನಾನು ಬೇಡ ಅನ್ನಲ್ಲ. ಆದರೆ ಹಳೇ ಬಣ್ಣವನ್ನ ಒಣಗಿದ್ದಾಗ ಉಜ್ಜಬೇಡಿ. ಸೀಸ ಇರೋ ಸಾಧ್ಯತೆ ಹೆಚ್ಚು. ಪೇಂಟ್ ರಿಮೂವರ್ ಹಚ್ಚಿ, ಒದ್ದೆ ಇರುವಾಗಲೇ ಕೆರೆದು ತೆಗೀರಿ.

ಗ್ರೀಸ್‌ಕೈ
ಬಣ್ಣ ಹಚ್ಚಿದ ಮಷೀನು, ಓಡೋ ಮಷೀನು, ಎರಡೂ ಬ್ಯಾರೆ ಬ್ಯಾರೆ. ಮೊದಲು ಓಡಸ್ರಿ, ಆಮ್ಯಾಲ ಶೃಂಗಾರ.

ಕಡಲಗಾಳಿ
ತುಕ್ಕಿನ ಮಾತು ಬಂತಲ್ಲ, ನಾನು ಬರೆಯದೆ ಇದ್ರೆ ಹೇಗೆ. ಬೆಡ್‌ಗಲ್ಲ, ಸಣ್ಣ ಭಾಗಗಳಿಗೆ, ಅಂದ್ರೆ ಹ್ಯಾಂಡಲ್, ಬ್ರಾಕೆಟ್, ನಟ್ಟು ಬೋಲ್ಟಿಗೆಲ್ಲ ಎಲೆಕ್ಟ್ರೋಲಿಸಿಸ್ ಮಾಡಿ ಮಾರಾಯ್ರೆ. ಪ್ಲಾಸ್ಟಿಕ್ ಬಕೆಟ್, ನೀರು, ಬಟ್ಟೆ ಒಗೆಯುವ ಸೋಡಾ, ಬ್ಯಾಟರಿ ಚಾರ್ಜರ್. ತುಕ್ಕಿನ ಭಾಗಕ್ಕೆ ನೆಗೆಟಿವ್, ಹಳೇ ಕಬ್ಬಿಣದ ತುಂಡಿಗೆ ಪಾಸಿಟಿವ್. ಉಲ್ಟಾ ಕೊಟ್ಟರೆ ನಿಮ್ಮ ಭಾಗವೇ ಕರಗುವುದು. ಒಳ್ಳೆ ಕಬ್ಬಿಣಕ್ಕೆ ಏನೂ ಆಗುವುದಿಲ್ಲ, ತುಕ್ಕು ಮಾತ್ರ ಕಪ್ಪಾಗಿ ಸಡಿಲ ಆಗ್ತದೆ, ಬ್ರಷ್ ಹಾಕಿ ತಿಕ್ಕಿದರೆ ಹೋಯ್ತು.

ಪಾಸಿಟಿವ್‌ಗೆ ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಬೇಡವೇ ಬೇಡ. ಅದರ ಕ್ರೋಮಿಯಂ ನೀರಿಗೆ ವಿಷವಾಗಿ ಇಳಿಯುತ್ತದೆ. ಮತ್ತೆ ಹೈಡ್ರೋಜನ್ ಬರ್ತದೆ, ಬಾಗಿಲು ಹಾಕಿಕೊಂಡು ಮಾಡಬೇಡಿ, ಹತ್ತಿರ ಬೆಂಕಿ ಬೇಡ.

ಸುತ್ತಿಗೆಸಾಮಿ
ಸ್ಪ್ರಿಂಗ್ ಹಾಕಬಹುದಾ ಅದರಲ್ಲಿ?

ಕಡಲಗಾಳಿ
ಗಡಸು ಸ್ಪ್ರಿಂಗ್ ಬೇಡ. ಹೈಡ್ರೋಜನ್ ಒಳಗೆ ಹೊಕ್ಕು ಪೆಡಸಾಗ್ತದೆ, ಆಮೇಲೆ ಒಂದು ದಿನ ಟಪ್ ಅಂತ ಮುರೀತದೆ. ಆಸಿಡ್‌ನಲ್ಲೂ ಅದೇ ಕತೆ.

ಹಲ್ಲುಮುರುಕ
ಅಳೆದೆ. ನಾಲ್ಕು ಹಲ್ಲಿಗೆ 13.75, ಐದಕ್ಕೆ 17.61. ವ್ಯತ್ಯಾಸ 3.86.

ವರ್ನಿಯರ್
20 ಡಿಪಿ, 14.5 ಡಿಗ್ರಿ. ಮುಗೀತು. ಈಗ ಕಂಪನಿ ಹೆಸರು ಬೇಡ, ಈ ಎರಡು ಅಂಕಿ, ಹಲ್ಲಿನ ಲೆಕ್ಕ, ಅಗಲ, ಒಳತೂತು, ಕೀ ಕೂರೋ ಸೀಳಿನ ಅಗಲ, ಇಷ್ಟು ಬರೆದು ಯಾರಿಗೆ ಕಳಿಸಿದ್ರೂ ಗೇರ್ ಸಿಗತ್ತೆ. ತೂತು ಹೊಂದದಿದ್ರೆ ಚಿಂತೆ ಬೇಡ. ಚಿಕ್ಕದಿದ್ರೆ ಬೋರ್ ಮಾಡಿ, ದೊಡ್ಡದಿದ್ರೆ ಬುಶ್ ಹೊಡೀರಿ.

ಹಳೇಪುಟ
ಹೆಸರು ಬೇಡ ಅಂತ ಎಲ್ಲರೂ ಹೇಳ್ತಿದ್ದೀರಿ, ನಾನು ಒಪ್ಪಲ್ಲ. ಗೇರ್‌ಗೆ ಬೇಡ ಇರಬಹುದು. ನಾಳೆ ಲೀಡ್‌ಸ್ಕ್ರೂ ಹಿಡಿಯೋ ಹಾಫ್‌ನಟ್ ಸವೆದ್ರೆ? ಸ್ಪಿಂಡಲ್ ಬೇರಿಂಗ್ ಹೊಂದಿಸೋ ಕ್ರಮ ತಿಳೀಬೇಕಾದ್ರೆ? ಕೈಪಿಡಿ ಬೇಕಾಗತ್ತೆ, ಅದಕ್ಕೆ ಹೆಸರು ಬೇಕಾಗತ್ತೆ.

ಬೆಡ್‌ನ ಟೈಲ್‌ಸ್ಟಾಕ್ ಕಡೆಯ ತುದಿ ಒರೆಸಿ ನೋಡಿ. ಸೀರಿಯಲ್ ನಂಬರ್ ಅಲ್ಲಿ ಹೊಡೆದಿರೋದು ಬಹಳ ಯಂತ್ರಗಳಲ್ಲಿ ರೂಢಿ. ಎರಕದಲ್ಲೇ ಮೂಡಿದ ಅಕ್ಷರ, ಅಂಕಿ ಇದ್ರೆ ಅದು ಪಾರ್ಟ್ ನಂಬರ್ ಇರಬಹುದು, ಸೀರಿಯಲ್ ಅಂತ ತಿಳ್ಕೊಂಡು ಮೋಸ ಹೋಗಬೇಡಿ. ಸ್ಪಿಂಡಲ್ ಮೂಗಿನ ಥ್ರೆಡ್ ಕೂಡ ಅಳೆಯಿರಿ. ಒಂದೂ ಅರೆಕಾಲು ಇಂಚು, ಅಂದ್ರೆ 1-1/8, ಇಂಚಿಗೆ 12 ಥ್ರೆಡ್ ಇದ್ರೆ ಮೈಫೋರ್ಡ್ ಕಡೆ ಬೆರಳು ತೋರಿಸತ್ತೆ. ಒಂದೂವರೆ ಇಂಚು, 8 ಥ್ರೆಡ್ ಇದ್ರೆ ಸೌತ್ ಬೆಂಡ್ ತರಹದ್ದು. ಲೇತ್ಸ್.ಕೋ.ಯುಕೆ, ವಿಂಟೇಜ್‌ಮೆಷಿನರಿ.ಆರ್ಗ್ ಎರಡರಲ್ಲೂ ಚಿತ್ರಗಳ ರಾಶಿ ಇದೆ. ಬೆಡ್‌ನ ಅಡ್ಡಛೇದ, ಬ್ಯಾಕ್‌ಗೇರ್ (ಸ್ಪಿಂಡಲ್ ವೇಗ ಇಳಿಸೋ ಗೇರ್) ಕವಚದ ಆಕಾರ ನೋಡಿ ಹೋಲಿಸಿ.

ಗ್ರೀಸ್‌ಕೈ
ಹಳೇಪುಟದವ್ರು ಹೇಳಿದ್ದು ಖರೇ ಐತ್ರಿ, ನಾ ಒಪ್ಪಿದೆ. ಆದ್ರ ಬೇರಿಂಗಿಗೆ ಮಾತ್ರ ಕಂಪನಿ ಹಿಂದ ಬೀಳಬ್ಯಾಡ್ರಿ. ಹೊರಗಿನ ರಿಂಗ್ ಮ್ಯಾಲ ನಂಬರ್ ಇರ್ತದ. 6205 ಅಂದ್ರ ಯಾರ್ ಮಾಡಿದ್ರೂ ಒಳತೂತು 25, ಹೊರ ವ್ಯಾಸ 52, ಅಗಲ 15 ಮಿ.ಮೀ. ಕಡೀ ಎರಡು ಅಂಕಿಗೆ ಐದರಿಂದ ಗುಣಿಸ್ರಿ, ಒಳತೂತು ಸಿಗ್ತದ.

ವರ್ನಿಯರ್
04ರಿಂದ ಮೇಲಕ್ಕೆ ಮಾತ್ರ ಆ ಗುಣಾಕಾರ. 6203 ಅಂದ್ರೆ 15 ಅಲ್ಲ, 17. ಇಂಚಿನ ಹಳೇ ಬೇರಿಂಗ್ ಆಗಿದ್ರೆ ಆರ್‌ಎಲ್‌ಎಸ್, ಆರ್‌ಎಂಎಸ್ ಅಂತ ಶುರುವಾಗೋ ನಂಬರ್ ಇರಬಹುದು, ಅವುಗಳ ಜಾಗಕ್ಕೆ ಮೆಟ್ರಿಕ್‌ನದು ಕೂರಿಸೋಕೆ ಹೋಗಬೇಡಿ.

ಗ್ರೀಸ್‌ಕೈ
ಮಾಸ್ತರು ಪೆನ್ನು ಹಿಡಕೊಂಡೇ ಕುಂತಾರ 🙏

ಪ್ರಿಂಟರ್‌ಹುಡುಗ
ಅಣ್ಣ, ಗೇರ್ ಯಾಕೆ ತರಿಸ್ತೀರ? 3ಡಿ ಪ್ರಿಂಟ್ ಮಾಡಿ. 20 ಡಿಪಿ, 14.5 ಅಂತ ಕೊಟ್ರೆ ಸಾಫ್ಟ್‌ವೇರ್ ತಾನೇ ಹಲ್ಲು ಬಿಡಿಸತ್ತೆ. ನಾನು ಒಂದು ಸೆಟ್ ನೈಲಾನ್‌ನಲ್ಲಿ ಮಾಡ್ಕೊಂಡು ಥ್ರೆಡ್ ಕಟ್ ಮಾಡ್ತಿದ್ದೀನಿ. ಶಬ್ದಾನೇ ಇಲ್ಲ.

ಸುತ್ತಿಗೆಸಾಮಿ
ಆಟಿಕೆ.

ಪ್ರಿಂಟರ್‌ಹುಡುಗ
ಆಟಿಕೆ ಅಲ್ಲ ಸಾರ್. ಚೇಂಜ್ ಗೇರ್ ಮೇಲೆ ಬೀಳೋ ಭಾರ ಅಂಥದ್ದೇನಲ್ಲ. ಟೂಲ್ ಹೋಗಿ ತುಂಡು ಹಿಡಿಯೋ ಚಕ್‌ಗೆ ಬಡಿದ್ರೆ ಮೊದಲು ಮುರಿಯೋದು ನೈಲಾನ್ ಗೇರ್, ಲೀಡ್‌ಸ್ಕ್ರೂ ಉಳಿಯತ್ತೆ. ಅದು ಒಳ್ಳೇದೇ ಅಲ್ವಾ? ಪಿಎಲ್‌ಎ ಪ್ಲಾಸ್ಟಿಕ್ ಮಾತ್ರ ಬೇಡ. 60 ಡಿಗ್ರಿ ಆಸುಪಾಸಿಗೇ ಮೆತ್ತಗಾಗತ್ತೆ, ಬಿಗಿದ ಕಡೆ ನಿಧಾನಕ್ಕೆ ಜಗ್ಗತ್ತೆ.

ಬೀಡುಕಬ್ಬಿಣ
ಹುಡುಗ ಸರಿಯಾಗಿ ಹೇಳ್ತಿದ್ದಾನೆ. ಚೇಂಜ್ ಗೇರ್‌ಗೆ ನೈಲಾನ್ ಆಗತ್ತೆ. ಬ್ಯಾಕ್‌ಗೇರ್‌ಗೆ, ಸ್ಪಿಂಡಲ್ ಮೇಲಿನ ದೊಡ್ಡ ಬುಲ್‌ಗೇರ್‌ಗೆ ಆಗಲ್ಲ.

ಕೆಲವು ಹಳೇ ಲೇತ್‌ಗಳಲ್ಲಿ ಕಾರ್ಖಾನೆಯವರೇ ಜಮಾಕ್ ಗೇರ್ ಕೊಟ್ಟಿದ್ದರು, ಅಟ್ಲಾಸ್‌ನಲ್ಲಿ ಹಾಗಿತ್ತು. ಅದು ಸತುವಿನ ಮಿಶ್ರಲೋಹ. ಹಲ್ಲುಮುರುಕ, ನಿಮ್ಮ ಗೇರ್‌ಗೆ ಮ್ಯಾಗ್ನೆಟ್ ಹಿಡಿದು ನೋಡಿ. ಅಂಟದೆ, ಬೂದು ಬಣ್ಣ ಇದ್ದು, ಮೈಮೇಲೆ ಜೇಡರ ಬಲೆಯಂಥ ಬಿರುಕು ಇದ್ರೆ ಬೆಸುಗೆ ಗಿಸುಗೆ ಪ್ರಯತ್ನ ಬೇಡ. ಸೀಸದಂಥ ಕಲ್ಮಶ ಸೇರಿದ ಸತು ಒಳಗಿಂದ ಒಡೀತಾ ಹೋಗತ್ತೆ, ಅದಕ್ಕೆ ಔಷಧಿ ಇಲ್ಲ.

ಹಲ್ಲುಮುರುಕ
ಮ್ಯಾಗ್ನೆಟ್ ಅಂಟಿತು, ಗೇರ್ ಬೀಡಿನದ್ದೇ. ಹಾಗಾದ್ರೆ ಹಲ್ಲು ಕಟ್ಟಿಸಬಹುದಾ?

ಬೀಡುಕಬ್ಬಿಣ
ಕಟ್ಟಬಹುದು. ಮುರಿದ ಜಾಗದಲ್ಲಿ ಹಿತ್ತಾಳೆ ಬೆಸುಗೆ ತುಂಬಿಸಿ ಅರ ಹಾಕಿ ಹಲ್ಲು ಬಿಡಿಸೋದು ಹಳೇ ಕ್ರಮ. ಕಟರ್ ಇದ್ರೆ, ಸುತ್ತನ್ನ ಸಮನಾಗಿ ಭಾಗ ಮಾಡೋ ಡಿವೈಡಿಂಗ್ ಹೆಡ್‌ನಲ್ಲಿ ಬಿಡಿಸೋದು ಇನ್ನೂ ಚಂದ. 40 ಹಲ್ಲಿಗೆ ಡಿಪಿ ಸೆಟ್‌ನ 3ನೇ ನಂಬರ್ ಕಟರ್, ಅದು 35ರಿಂದ 54 ಹಲ್ಲಿನವರೆಗೆ. ಆದರೆ ನೇರ ಹೇಳ್ತೀನಿ, ಚೇಂಜ್ ಗೇರ್‌ಗೆ ಇಷ್ಟೆಲ್ಲ ಯಾಕೆ? ಹೊಸದೇ ಮಾಡಿಸಿ. ಈ ಕಷ್ಟ ಬುಲ್‌ಗೇರ್‌ಗೆ ಇಟ್ಕೊಳ್ಳಿ, ಅದು ಬೇರೆ ಸಿಗಲ್ಲ.

ವರ್ನಿಯರ್
ಕಟರ್ ತರಿಸುವಾಗ ಎಚ್ಚರ. ಮಾಡ್ಯೂಲ್ ಕಟರ್ ಸೆಟ್‌ನಲ್ಲಿ ನಂಬರ್ ಉಲ್ಟಾ ಓಡತ್ತೆ. ಡಿಪಿಯಲ್ಲಿ 1 ಅಂದ್ರೆ 135 ಹಲ್ಲಿನಿಂದ ನೇರ ಹಲ್ಲುಪಟ್ಟಿ, ಅಂದ್ರೆ ರ್‍ಯಾಕ್‌ವರೆಗೆ, ಮಾಡ್ಯೂಲ್‌ನಲ್ಲಿ ಅದೇ 8.

ಹಳೇಪುಟ
ಬುಲ್‌ಗೇರ್ ಅಂದಿರಲ್ಲ, ಅದರ ಹಲ್ಲು ಯಾಕೆ ಮುರಿಯತ್ತೆ ಗೊತ್ತಾ? ಚಕ್ ಬಿಗಿದುಕೊಂಡಾಗ ಜನ ಬ್ಯಾಕ್‌ಗೇರ್ ಹಾಕಿ, ಸ್ಪಿಂಡಲ್ ಲಾಕ್ ಮಾಡಿ, ಚಕ್‌ಗೆ ಉದ್ದ ಸಲಾಕೆ ಸಿಕ್ಕಿಸಿ ಎಳೀತಾರೆ. ಇಡೀ ಭಾರ ಒಂದೆರಡು ಹಲ್ಲಿನ ಮೇಲೆ. ಹಳೇ ಲೇತ್ ನೋಡೋಕೆ ಹೋದಾಗ ನಾನು ಮೊದಲು ಬಗ್ಗಿ ನೋಡೋದೇ ಅಲ್ಲಿ.

ಸುತ್ತಿಗೆಸಾಮಿ
ಮತ್ತೆ ಚಕ್ ಬಿಚ್ಚೋದು ಹೇಗೆ ಸ್ವಾಮಿ, ಮಂತ್ರ ಹಾಕಿನಾ?

ಹಳೇಪುಟ
ಪುಲ್ಲಿಗೆ ಸ್ಟ್ರ್ಯಾಪ್ ರೆಂಚ್ ಹಾಕಿ ಹಿಡೀರಿ. ಥ್ರೆಡ್‌ಗೆ ಹಿಂದಿನ ದಿನವೇ ಎಣ್ಣೆ ಬಿಡಿ. ಚಕ್‌ಗೆ ಸ್ವಲ್ಪ ಬಿಸಿ ಕೊಡಿ. ದವಡೆಯಲ್ಲಿ ದಪ್ಪ ಷಡ್ಭುಜ ಸರಳು ಕಚ್ಚಿಸಿ ಸ್ಪ್ಯಾನರ್ ಹಾಕಿ ಚುರುಕಾಗಿ ಒಂದು ಏಟು. ನಿಧಾನಕ್ಕೆ ಜಗ್ಗೋದಕ್ಕಿಂತ ಏಟಿಗೆ ಬಿಡತ್ತೆ. ಸುತ್ತಿಗೆ ನಿಮ್ಮ ಹತ್ರ ಇದ್ದೇ ಇದೆ.

ಸುತ್ತಿಗೆಸಾಮಿ
😂 ಇದೆ ಇದೆ.

ಕರೆಂಟುಮೇಷ್ಟ್ರು
ಮೋಟಾರ್ ಬಗ್ಗೆ ಯಾರೂ ಕೇಳಲೇ ಇಲ್ಲ. ಹಳೇ ಯಂತ್ರದಲ್ಲಿ ಜೀವ ತೆಗೆಯೋದು ಗೇರ್ ಅಲ್ಲ, ವೈರು. ಬಟ್ಟೆ ಸುತ್ತಿದ ರಬ್ಬರ್ ವೈರ್ ಇದ್ರೆ ಬಗ್ಗಿಸಿ ನೋಡಿ, ಪುಡಿಯಾಗಿ ಉದುರತ್ತೆ. ಪೂರ್ತಿ ಬದಲಾಯಿಸಿ. ಅರ್ತ್ ವೈರ್ ಯಂತ್ರದ ಮೈಗೆ ಬಣ್ಣ ಕೆರೆದು ಬಿಗೀರಿ. ಕರೆಂಟ್ ಹೋಗಿ ಬಂದಾಗ ತಾನಾಗೇ ತಿರುಗದ ಹಾಗೆ ನೋ-ವೋಲ್ಟ್ ಸ್ಟಾರ್ಟರ್ ಹಾಕಿ.

ಮೂರು ಫೇಸ್ ಮೋಟಾರ್ ಇದ್ದು ಮನೇಲಿ ಒಂದೇ ಫೇಸ್ ಇದ್ರೆ ವಿಎಫ್‌ಡಿ (ಒಂದು ಫೇಸ್‌ನಿಂದ ಮೂರು ಫೇಸ್ ಮಾಡಿ ಮೋಟಾರ್ ವೇಗ ಹೊಂದಿಸೋ ಪೆಟ್ಟಿಗೆ) ಹಾಕಬಹುದು. ಮೋಟಾರ್ ಫಲಕದಲ್ಲಿ ಡೆಲ್ಟಾ 230 ಅಂತ ಇದ್ಯಾ ನೋಡಿ, ಒಳಗಿನ ಪಟ್ಟಿಗಳನ್ನ ಸ್ಟಾರ್‌ನಿಂದ ಡೆಲ್ಟಾಗೆ ಬದಲಿಸಬೇಕು. ಒಂದು ಮಾತು: ಚಕ್ ಥ್ರೆಡ್ ಮೇಲೆ ಕೂರೋ ಸ್ಪಿಂಡಲ್ ಆದ್ರೆ ವಿಎಫ್‌ಡಿಯಲ್ಲಿ ಜೋರು ಬ್ರೇಕ್ ಇಡಬೇಡಿ, ರಿವರ್ಸ್‌ನಲ್ಲಿ ಭಾರ ಹಾಕಬೇಡಿ. ಸ್ಪಿಂಡಲ್ ನಿಲ್ಲತ್ತೆ, ಚಕ್ ನಿಲ್ಲಲ್ಲ. ಬಿಚ್ಕೊಂಡು ಬರತ್ತೆ.

ಮರದಪುಡಿ
ನಾನು ಬಡಗಿ ಕೆಲಸದೋನು, ಲೇತ್ ಗೊತ್ತಿಲ್ಲ, ಆದರೆ ಥ್ರೆಡ್ ವಿಷಯಕ್ಕೆ ಒಂದು ಮಾತು. ಹಳೇ ಸ್ಟಾನ್ಲಿ ಹತ್ತರಿಯ ಹಿಡಿಯ ಬೋಲ್ಟ್ ನಂಬರ್ 12, ಇಂಚಿಗೆ 20 ಥ್ರೆಡ್. ಯಾವ ಅಂಗಡಿಯ ಡಬ್ಬದಲ್ಲೂ ಇರಲ್ಲ. ನಿಮ್ಮ ಯಂತ್ರಗಳಲ್ಲೂ ಹೀಗೆ ಕಾಟ ಇದೆಯಾ?

ವರ್ನಿಯರ್
ಇಲ್ಲದೆ ಏನು? ಹಳೇ ಬ್ರಿಟಿಷ್ ಅಳತೆಯ ಅರ್ಧ ಇಂಚಿನ ವಿಟ್‌ವರ್ತ್ ಬೋಲ್ಟ್ ಇಂಚಿಗೆ 12, ಅಮೆರಿಕದ ಯುಎನ್‌ಸಿ 13. ಎರಡು ಸುತ್ತು ಹೋಗಿ ಕಚ್ಚಿಕೊಳ್ಳತ್ತೆ. ಕಾಲು ಇಂಚಿನದು ಇನ್ನೂ ಕಳ್ಳ. ಎರಡೂ 20, ನಟ್ ಸಲೀಸಾಗಿ ಹೋಗಿಬಿಡತ್ತೆ. ಆದರೆ ವಿಟ್‌ವರ್ತ್ ಕೋನ 55 ಡಿಗ್ರಿ, ಯುಎನ್‌ಸಿ 60. ಬಿಗಿದ ಹಾಗೆ ಕಾಣತ್ತೆ, ಹಿಡಿತ ಕಡಿಮೆ. ಎರಡು ಪಿಚ್ ಗೇಜ್ ಇಟ್ಕೊಳ್ಳಿ, 55ರದ್ದೊಂದು, 60ರದ್ದೊಂದು.

ಎರಕದಮನೆ
ತಡವಾಗಿ ಬಂದೆ. ಬ್ರಾಕೆಟ್, ಹ್ಯಾಂಡ್‌ವೀಲ್ ಥರದ್ದು ಕಳೆದುಹೋಗಿದ್ರೆ ಎರಕ ಹೊಯ್ಯಿಸಿ. ಆದರೆ ಬೇರೆಯವರ ಯಂತ್ರದ ಭಾಗವನ್ನೇ ಮಾದರಿಯಾಗಿ ಮಣ್ಣಲ್ಲಿ ಒತ್ತಿದರೆ ಬರೋ ಭಾಗ ಚಿಕ್ಕದಾಗಿರತ್ತೆ. ಬೀಡು ತಣಿಯುವಾಗ ಸುಮಾರು ಶೇ. 1 ಕುಗ್ಗತ್ತೆ, ಅದರ ಮೇಲೆ ಮಷೀನಿಂಗ್‌ಗೆ ಲೋಹ ಬೇರೆ ಬೇಕು. ಕೂರಬೇಕಾದ ಮುಖಗಳಿಗೆ ಪುಟ್ಟಿನೋ, ತೆಳು ಮರದ ಪಟ್ಟಿನೋ ಅಂಟಿಸಿ ದಪ್ಪ ಮಾಡಿ ಕಳಿಸಿ.

ಹಲ್ಲುಮುರುಕ
ಎಲ್ಲರಿಗೂ ದೊಡ್ಡ ನಮಸ್ಕಾರ. ಸದ್ಯಕ್ಕೆ ನೈಲಾನ್‌ನದ್ದು ಹಾಕ್ಕೊಂಡು ಓಡಿಸ್ತೀನಿ, ಉಕ್ಕಿನದ್ದಕ್ಕೆ ಅಳತೆ ಬರೆದು ಕಳಿಸಿದ್ದೀನಿ. ಇಂಚಿನ ಲೀಡ್‌ಸ್ಕ್ರೂನಲ್ಲಿ ಮಿಲಿಮೀಟರ್ ಥ್ರೆಡ್ ಕಟ್ ಮಾಡೋಕೆ 127 ಹಲ್ಲಿನ ಗೇರ್ ಬೇಕೇ ಬೇಕಂತಾರಲ್ಲ, ಅದನ್ನೂ ಪ್ರಿಂಟ್ ಮಾಡಿಸಲಾ?

ವರ್ನಿಯರ್
20 ಡಿಪಿಯಲ್ಲಿ 127 ಹಲ್ಲು ಅಂದ್ರೆ ಸುಮಾರು 164 ಮಿ.ಮೀ. ವ್ಯಾಸದ ಚಕ್ರ. ಕವಚದೊಳಗೆ ಹಿಡಿಯಲ್ಲ. 127/100 ಹಲ್ಲಿನ ಜೋಡಿ ಬದಲು 80/63ರದ್ದು ಹಾಕಿ. ತಪ್ಪು ಎಂಟು ಸಾವಿರಕ್ಕೆ ಒಂದು, ಅಂದ್ರೆ 100 ಮಿ.ಮೀ. ಉದ್ದಕ್ಕೆ 0.0125. ನೀವು ಮಾಡೋ ಬೋಲ್ಟಿಗೆ ಅದು ಲೆಕ್ಕಕ್ಕೇ ಇಲ್ಲ.

ಪ್ರಿಂಟರ್‌ಹುಡುಗ
63 ಫೈಲ್ ನನ್ನತ್ರ ಇದೆ, ಕಳಿಸ್ತೀನಿ ಅಣ್ಣ.

ಮರದಪುಡಿ
ಮಧ್ಯೆ ಬಾಯಿ ಹಾಕ್ತೀನಿ, ಕ್ಷಮಿಸಿ. ನನ್ನ ಡ್ರಿಲ್ ಪ್ರೆಸ್ ಹ್ಯಾಂಡಲ್‌ನ ಅಡ್ಡ ಪಿನ್ ಬರ್ತಾನೇ ಇಲ್ಲ. ಹೊಡೆದೂ ಹೊಡೆದೂ ತಲೆ ಅರಳ್ತಿದೆ.

ಬೀಡುಕಬ್ಬಿಣ
ನಿಲ್ಲಿಸಿ. ಅದು ಟೇಪರ್ ಪಿನ್ ಇರಬೇಕು. ಎರಡೂ ತುದಿ ಅಳೆಯಿರಿ, ಸಣ್ಣ ತುದಿಯ ಕಡೆಯಿಂದ ಹೊಡೆದ್ರೆ ಮಾತ್ರ ಬರೋದು.

ಮರದಪುಡಿ
ಅರಳಿರೋದೇ ಸಣ್ಣ ತುದಿ ಅನ್ಸತ್ತೆ.

ಬೀಡುಕಬ್ಬಿಣ
ಹಾಗಾದ್ರೆ ದಿಕ್ಕು ಸರಿ, ಅರಳಿದ್ದೇ ಈಗ ಅಡ್ಡ. ಅದನ್ನ ಅರ ಹಾಕಿ ಮಟ್ಟ ಮಾಡಿ, ನಡುವಿಗೆ ಪಂಚ್ ಹಾಕಿ, ಪಿನ್‌ಗಿಂತ ಸಣ್ಣ ಡ್ರಿಲ್‌ನಲ್ಲಿ ಸ್ವಲ್ಪ ಆಳ ಕೊರೆಯಿರಿ, ಆಮೇಲೆ ಆ ಗುಳಿಗೆ ಪಂಚ್ ಇಟ್ಟು ಹೊಡೀರಿ. ಹ್ಯಾಂಡಲ್ ಕೆಳಗೆ ಭಾರದ ಕಬ್ಬಿಣ ಆನಿಸಿ, ಇಲ್ಲದಿದ್ರೆ ಏಟೆಲ್ಲ ಶಾಫ್ಟ್ ಬಗ್ಗಿಸೋಕೆ ಹೋಗತ್ತೆ. ಹೊಸ ಪಿನ್ ತರುವಾಗ ಹಳೇದನ್ನ ಜೊತೆಗೆ ಒಯ್ಯಿರಿ. ಇಂಚಿನದು 48ಕ್ಕೆ 1, ಮೆಟ್ರಿಕ್ 50ಕ್ಕೆ 1.